ಉಚಿತ ಲಿಪಿಶಿಕ್ಷಣದಲ್ಲಿ ಶಿಕ್ಷಾರ್ಥಿಗಳ ಅಭಿಪ್ರಾಯ ಪರಿಶೋಧನೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವನ್ನು ಕುರಿತು

ಸ್ವಾಧ್ಯಾಯವು ಐದು ವಿಧವಾದುದೆಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ತಿಳಿಸುತ್ತದೆ. ಗ್ರಂಥವನ್ನೂ ಅದರ ಅರ್ಥವನ್ನೂ ಯೋಗ್ಯನಾದವನಿಗೆ ಒಪ್ಪಿಸುವುದು ವಾಚನೆ. ಸಂಶಯವನ್ನು ನೀಗಿಕೊಳ್ಳಲು, ಇಲ್ಲವೇ ತಿಳಿದುದನ್ನು ದೃಢಪಡಿಸಿಕೊಳ್ಳಲು ಕೇಳುವುದು ಪೃಚ್ಛನೆ. ಮನಸ್ಸಿನಲ್ಲಿ ಅದನ್ನೇ ಚಿಂತಿಸುವುದು ಅನುಪ್ರೇಕ್ಷೆ. ಶುದ್ಧೋಚ್ಚಾರಣೆಯಿಂದ ಮತ್ತೆ ಮತ್ತೆ ಹೇಳಿಕೊಳ್ಳುವುದು ಆಮ್ನಾಯ. ಇತರರಿಗೆ ತಿಳಿಯಹೇಳುವುದು ಧರ್ಮೋಪದೇಶ. ವಾಚನೆಯ ಬೆನ್ನಿಗೇ ಪೃಚ್ಛನೆಯನ್ನು ಹೇಳಿರುವುದು ಗಮನಾರ್ಹವಾಗಿದೆ. ಗುರುಸನ್ನಿಧಿಯಲ್ಲಿ ಈ ಎರಡೂ ಕೂಡಿಯೇ ನಡೆಯುತ್ತಿದ್ದವು. ಶಿಷ್ಯನು ಬಾಯಿ ತೆರೆಯದಿದ್ದರೂ ಅವನ ಮುಖವನ್ನು ನೋಡಿಯೇ ಗುರುವು ಪಾಠವನ್ನು ನಿಧಾನಗೊಳಿಸುತ್ತಿದ್ದನು.

ಇಂದು ಆನ್‌ಲೈನ್ ಮೂಲಕ ನಡೆಯುವ ಉಚಿತ ಶಿಕ್ಷಣಕ್ರಮಗಳಲ್ಲಿ ವಾಚನೆಯು ಏಕಕಾಲದಲ್ಲಿ ಸಾವಿರಾರು ಜನರನ್ನು ಮುಟ್ಟುತ್ತದೆ. ಆದರೆ ಪೃಚ್ಛನೆಗೆ ಪ್ರತ್ಯೇಕವಾಗಿ ಎಡೆ ಮಾಡಿಕೊಡದಿದ್ದರೆ ಅದು ಇಲ್ಲವೇ ಆಗುತ್ತದೆ. ಶಿಕ್ಷಾರ್ಥಿಗಳಿಂದ ಅಭಿಪ್ರಾಯವನ್ನು ಬರೆಸಿಕೊಳ್ಳುವ ಪದ್ಧತಿ ಈ ಕೊರತೆಯನ್ನು ತುಂಬಲು ಹುಟ್ಟಿದುದು. ಬಂದ ಅಭಿಪ್ರಾಯಗಳನ್ನು ಹೇಗೆ ಓದಬೇಕು, ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು, ಅದರಿಂದ ಪಾಠವನ್ನು ಹೇಗೆ ತಿದ್ದಬೇಕು ಎಂಬುದನ್ನು ಹಸ್ತಪ್ರತಿ ಹಾಗೂ ಶಾಸನಲಿಪಿಗಳ ಶಿಕ್ಷಣಕ್ಕೆ ಅನ್ವಯಿಸಿ ಇಲ್ಲಿ ವಿವೇಚಿಸಲಾಗಿದೆ. ಗ್ರಂಥಸಂಪಾದನೆಯಲ್ಲಿ ನುರಿತ ವಿದ್ವಾಂಸರಿಗೆ ಈ ಕಾರ್ಯ ಅಪರಿಚಿತವಾದುದಲ್ಲ. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುವ ವಿವೇಕವೇ ಇಲ್ಲಿಯೂ ಬೇಕಾದುದು.

೧. ಪ್ರದೇಶ ಮತ್ತು ಪ್ರಯೋಜನ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳ ಪರಿಸರವನ್ನು ನಿದರ್ಶನಕ್ಕಾಗಿ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಮಸ್ಕಿಯಲ್ಲಿ ೧೯೧೫ರಲ್ಲಿ ಗಣಿ ಇಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಅಶೋಕನ ಶಾಸನವು ಬಿದ್ದಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಹೈದರಾಬಾದಿನ ಪ್ರಾಕ್ತನಶಾಸ್ತ್ರ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಬ್ರಾಹ್ಮೀಲಿಪಿಯ, ಪ್ರಾಕೃತ ಭಾಷೆಯ ಆ ಶಾಸನವಿರುವ ನೆಲದಲ್ಲಿಯೇ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟಾದರೂ ಇರಬೇಕೆಂಬುದು ಅತಿಯಾದ ಆಸೆಯಲ್ಲ. ನೆರೆಯ ಕೊಪ್ಪಳವು, ಎಂದರೆ ಪ್ರಾಚೀನ ಕೊಪಣತೀರ್ಥವು, ೧೯೯೭ರವರೆಗೆ ಇದೇ ಜಿಲ್ಲೆಗೆ ಸೇರಿದ್ದಿತು. ಅಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಅಶೋಕನ ಶಾಸನಗಳಿವೆ, ಜೈನಶಾಸನಗಳು ಹಲವಾರಿವೆ.

೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಲಿಪಿಶಾಸ್ತ್ರದ ಶಿಬಿರಗಳನ್ನು ಹಲವೆಡೆ ನಡೆಸಿತು. ಅಂತಹ ಶಿಬಿರಕ್ಕೆ ವಾರಗಟ್ಟಲೆ ಊರು ಬಿಟ್ಟು ಹೋಗುವುದು ಎಲ್ಲರಿಗೂ ಸಾಧ್ಯವಲ್ಲ. ೨೦೧೭ರ ಜುಲೈ ೯ರಂದು ಕೇಂದ್ರ ಸರ್ಕಾರವು 'ಸ್ವಯಂ' ಎಂಬ ಉಚಿತ ಆನ್‌ಲೈನ್ ಶಿಕ್ಷಣ ವೇದಿಕೆಯನ್ನು ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್ ೫ರಂದು ಶಿಕ್ಷಕರಿಗಾಗಿ 'ದೀಕ್ಷಾ' ಎಂಬ ವೇದಿಕೆಯು ಬಂದಿತು. ೨೦೨೦ರ ಅಕ್ಟೋಬರ್‌ನಲ್ಲಿ 'ನಿಷ್ಠಾ' ಎಂಬ ಶಿಕ್ಷಕರ ತರಬೇತಿಯು ೧೮ ಪಾಠಘಟಕಗಳಾಗಿ ಅದರ ಮೂಲಕವೇ ನಡೆಯತೊಡಗಿತು. ಹೀಗಾಗಿ ತಾಲ್ಲೂಕಿನ ಶಾಲಾಶಿಕ್ಷಕರಿಗೆ ಈ ಬಗೆಯ ಕಲಿಕೆ ಹೊಸದಾಗಿ ಉಳಿದಿಲ್ಲ. ಇದೇ ಮಾರ್ಗದಲ್ಲಿ ಬ್ರಾಹ್ಮೀಲಿಪಿ, ಹಳೆಯ ಕನ್ನಡ ಲಿಪಿ ಮತ್ತು ಪ್ರಾಕೃತ ಪ್ರವೇಶವನ್ನು ಕಲಿಸುವ ಒಂದು ಉಚಿತ ಪಾಠಕ್ರಮವು ಈ ಮೂರು ಊರುಗಳ ಶಿಕ್ಷಾರ್ಥಿಗಳಿಗೆ ತಲುಪುವುದೆಂದು ಇಟ್ಟುಕೊಂಡರೆ ಅದರ ಪರಿಶೋಧನೆ ಹೇಗಿರಬೇಕೆಂಬುದನ್ನು ಮುಂದೆ ನೋಡಬಹುದು.

೨. ಮಾತನಾಡಿದವರು ಮತ್ತು ಮೌನವಾಗಿ ಬಿಟ್ಟವರು

ಅಭಿಪ್ರಾಯಪತ್ರವನ್ನು ಸಾಮಾನ್ಯವಾಗಿ ಪಾಠಕ್ರಮದ ಕೊನೆಯಲ್ಲಿ ಕೊಡುತ್ತಾರೆ. ಕೊನೆಯವರೆಗೆ ಬಂದವರು ಮಾತ್ರ ಅದನ್ನು ತುಂಬುತ್ತಾರೆ. ಪಾಠವು ಕಠಿನವಾಯಿತೆಂದೋ ಸಮಯ ಹೊಂದಲಿಲ್ಲವೆಂದೋ ನಡುವೆ ಬಿಟ್ಟವರ ಮಾತು ಅದರಲ್ಲಿ ಸೇರುವುದೇ ಇಲ್ಲ. ಬಿಡುವವರ ಸಂಖ್ಯೆಯಾದರೂ ಅಲ್ಪವಾದುದಲ್ಲ. ಅಮೆರಿಕೆಯ ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳ ಆನ್‌ಲೈನ್ ಪಾಠಕ್ರಮಗಳನ್ನು ಕುರಿತು ರೀಶ್ ಮತ್ತು ರುಯಿಪೆರೆಜ್-ವಾಲಿಯೆಂಟೆ ಎಂಬ ಸಂಶೋಧಕರು ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆಸರು ನೋಂದಾಯಿಸಿದವರಲ್ಲಿ ನೂರಕ್ಕೆ ೫೨ ಮಂದಿ ಪಾಠವನ್ನು ಒಮ್ಮೆಯೂ ತೆರೆಯಲಿಲ್ಲ. ೨೦೧೭–೧೮ರಲ್ಲಿ ಪೂರ್ತಿಗೊಳಿಸಿದವರು ನೂರಕ್ಕೆ ೩.೧೩ ಮಾತ್ರ. ಅಲ್ಲಿಯ ಪ್ರಮಾಣ ಇಲ್ಲಿಗೂ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ಉಚಿತ ಪಾಠಕ್ರಮಗಳ ಸ್ವಭಾವವನ್ನು ಅದು ತೋರಿಸುತ್ತದೆ.

ಆದ್ದರಿಂದ ಕೊನೆಯಲ್ಲಿ ಬಂದ ಅಭಿಪ್ರಾಯಗಳೆಲ್ಲವೂ 'ಅತ್ಯುತ್ತಮ' ಎಂದಿದ್ದರೂ ಅದು ಪಾಠದ ಹಿರಿಮೆಗೆ ಸಾಕ್ಷಿಯಲ್ಲ. ಆದಿಯ ಮತ್ತು ನಡುವಿನ ಗರಿಗಳು ಕಳೆದುಹೋಗಿ ಅಂತ್ಯದ ಎರಡೇ ಗರಿಗಳು ಉಳಿದಿರುವ ಪ್ರತಿಯನ್ನು ನೋಡಿ ಸಮಗ್ರ ಗ್ರಂಥದ ಯೋಗ್ಯತೆಯನ್ನು ಯಾವ ಸಂಪಾದಕನೂ ಹೇಳಲಾರನು. ಅಭಿಪ್ರಾಯಪತ್ರವನ್ನು ತುಂಬಿದ ಮೇಲೆಯೇ ಪ್ರಮಾಣಪತ್ರ ದೊರೆಯುವುದೆಂಬ ನಿಯಮವಿದ್ದಲ್ಲಿ ಈ ಸಾಕ್ಷ್ಯವು ಇನ್ನೂ ದುರ್ಬಲವಾಗುತ್ತದೆ. ಅಲ್ಲಿ ಬರೆದುದು ಪಾಠದ ವಿಷಯವಲ್ಲ, ಪ್ರಮಾಣಪತ್ರದ ಬಯಕೆ.

ಇದಕ್ಕೆ ಪರಿಹಾರಗಳು ಎರಡು. ಮೊದಲನೆಯದಾಗಿ, ಪ್ರತಿಯೊಂದು ಪಾಠದ ಕೊನೆಯಲ್ಲಿಯೂ ಒಂದೆರಡು ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಎರಡನೆಯದಾಗಿ, ಯಾರು ಯಾವ ಪಾಠದಲ್ಲಿ ನಿಂತರು ಎಂಬುದನ್ನು ಗುರುತಿಟ್ಟು, ಒಂದೊಂದು ಹಂತದಲ್ಲಿ ನಿಂತವರಿಂದ ಚೀಟಿ ಎತ್ತಿ ಕೆಲವರನ್ನು ಆರಿಸಿ, ಅವರೊಡನೆ ದೂರವಾಣಿಯಲ್ಲಿ ಮಾತನಾಡಬೇಕು. 'ಏಕೆ ಬಿಟ್ಟಿರಿ' ಎಂದು ಕೇಳಿದರೆ ಆಕ್ಷೇಪಣೆಯಂತೆ ಕೇಳಿಸಿ ಉತ್ತರ ಬಾರದು. 'ಕೊನೆಯದಾಗಿ ಯಾವ ಪುಟವನ್ನು ನೋಡಿದಿರಿ, ಅಲ್ಲಿ ಏನಿತ್ತು' ಎಂದು ಕೇಳಿದರೆ ಕಾರಣವು ತಾನಾಗಿ ಹೊರಬರುತ್ತದೆ.

ಈ ಮೂರು ಊರುಗಳಲ್ಲಿಯೂ ಕಾರಣಗಳು ಒಂದೇ ಆಗಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನಲ್ಲಿ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಶಿಕ್ಷಾರ್ಥಿಗೆ ಬಿಡುವಿರುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಸಂಜೆ ಏಳಕ್ಕೆ ನಿಗದಿಯಾದ ನೇರಪಾಠವು ವಾರ ಬಿಟ್ಟು ವಾರ ತಪ್ಪುತ್ತದೆ. ಇವರಿಬ್ಬರೂ ಬಿಟ್ಟುಹೋದುದು ಬ್ರಾಹ್ಮಿಯ ಕಾಠಿಣ್ಯದಿಂದಲ್ಲ. ಇವರ ಮೌನವನ್ನು 'ಪಾಠ ಕಠಿನವಾಯಿತು' ಎಂದು ಓದಿ ಪಾಠವನ್ನು ಸುಲಭಗೊಳಿಸಿದರೆ ರೋಗವೊಂದು ಮದ್ದೊಂದು ಆಗುತ್ತದೆ. ಇಲ್ಲಿ ಬೇಕಾದುದು ಪಾಠವನ್ನು ಅಚ್ಚುಕಟ್ಟಾಗಿ ದಾಖಲಿಸಿಟ್ಟು ಯಾವ ವೇಳೆಯಲ್ಲಾದರೂ ನೋಡಲು ಅನುವು ಮಾಡುವುದು ಮತ್ತು ಅವಧಿಯನ್ನು ಬೆಳೆಯ ಕಾಲಕ್ಕೆ ಅನುಸರಿಸಿ ಸಡಿಲಿಸುವುದು.

೩. ಸಂತೋಷ ಬೇರೆ, ಕಲಿಕೆ ಬೇರೆ

ತರಬೇತಿಯ ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕನ್ ವಿದ್ವಾಂಸರು ೧೯೫೯ರಲ್ಲಿ ನಾಲ್ಕು ಹಂತಗಳನ್ನು ಸೂಚಿಸಿದರು. ಶಿಕ್ಷಾರ್ಥಿಗೆ ಪಾಠ ಹಿಡಿಸಿತೇ ಎಂಬುದು ಮೊದಲನೆಯದು. ಅವನು ಕಲಿತನೇ ಎಂಬುದು ಎರಡನೆಯದು. ಕಲಿತುದನ್ನು ಕೆಲಸದಲ್ಲಿ ಬಳಸಿದನೇ ಎಂಬುದು ಮೂರನೆಯದು. ಅದರಿಂದ ಫಲ ದೊರೆಯಿತೇ ಎಂಬುದು ನಾಲ್ಕನೆಯದು. ಬಹುತೇಕ ಅಭಿಪ್ರಾಯಪತ್ರಗಳು ಮೊದಲನೆಯ ಹಂತದಲ್ಲಿಯೇ ನಿಲ್ಲುತ್ತವೆ. ಮೊದಲನೆಯದರಿಂದ ಎರಡನೆಯದನ್ನು ಊಹಿಸುವುದು ಅಪಾಯಕರ. ೨೦೧೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ತಾವೇ ಸಮಸ್ಯೆಗಳನ್ನು ಬಿಡಿಸುತ್ತ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮುಂದಿದ್ದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸೊಗಸಾದ ಉಪನ್ಯಾಸವನ್ನು ಕೇಳಿದವರು ಹೆಚ್ಚು ಕಲಿತೆವೆಂದು ಭಾವಿಸಿದ್ದರೂ ಪರೀಕ್ಷೆಯಲ್ಲಿ ಹಿಂದುಳಿದಿದ್ದರು.

ಲಿಪಿಶಿಕ್ಷಣಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹಳೆಯ ಲಿಪಿಯ ಸಾಲುಗಳ ಕೆಳಗೆ ಇಂದಿನ ಕನ್ನಡ ಲಿಪಿಯಲ್ಲಿ ಪಾಠವನ್ನು ಬರೆದುಕೊಡಬೇಕೆಂಬ ಬೇಡಿಕೆ ಯಾವ ಲಿಪಿಪಾಠದಲ್ಲಿಯೂ ಏಳುವಂಥದು. ಕೊಟ್ಟರೆ ಸಂತೋಷ ಹೆಚ್ಚುವುದು ನಿಜ. ಆದರೆ ಕಣ್ಣು ಸುಲಭವಾದ ಸಾಲಿನ ಮೇಲೆಯೇ ಓಡಾಡಿ ಹಳೆಯ ಅಕ್ಷರವನ್ನು ಗುರುತಿಸುವ ಶ್ರಮವನ್ನು ತಪ್ಪಿಸಿಕೊಳ್ಳುತ್ತದೆ. ಇಂತಹ ಬೇಡಿಕೆಯನ್ನು ಗೌರವದಿಂದ ಕೇಳಿ, ಕಾರಣ ಹೇಳಿ, ಒಪ್ಪದಿರುವುದೇ ಸರಿ. ಅಭ್ಯಾಸ ಮುಗಿದ ಬಳಿಕ ತಾಳೆ ನೋಡಲು ಲಿಪ್ಯಂತರವನ್ನು ಕೊಡಬಹುದು.

ಇನ್ನೊಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ದಕ್ಷಿಣದ ಅನೇಕ ಪ್ರಾಕೃತ ಹಸ್ತಪ್ರತಿಗಳಲ್ಲಿ ವ್ಯಂಜನದ ಹಿಂದೆ ಬರೆದ ಸೊನ್ನೆಯು ಎಲ್ಲೆಡೆಯೂ ಅನುಸ್ವಾರವಲ್ಲ. ಮುಂದಿನ ವ್ಯಂಜನದ ದ್ವಿತ್ವವನ್ನೂ ಅದು ಸೂಚಿಸುತ್ತದೆ. 'ಸಂವ' ಎಂದು ಬರೆದಿದ್ದರೆ 'ಸವ್ವ' ಎಂದೂ 'ಅಂಥ' ಎಂದಿದ್ದರೆ 'ಅತ್ಥ' ಎಂದೂ ಸಂದರ್ಭವರಿತು ಓದಬೇಕಾಗುತ್ತದೆ. ಈ ಸಂಕೇತವನ್ನು ಪಾಠದಲ್ಲಿ ಹೇಳಲು ಮರೆತಿದ್ದರೆ ಶಿಕ್ಷಾರ್ಥಿಯು ಅಭಿಪ್ರಾಯಪತ್ರದಲ್ಲಿ ಅದನ್ನು ಬರೆಯಲಾರನು, ಏಕೆಂದರೆ ತನಗೆ ತಿಳಿಯದಿರುವುದು ಏನೆಂಬುದೇ ಅವನಿಗೆ ತಿಳಿಯದು. 'ಪಾಠ ಚೆನ್ನಾಗಿದೆ' ಎಂದು ಬರೆದು ಅಭ್ಯಾಸದಲ್ಲಿ 'ಅಂಥ' ಎಂದೇ ಓದುತ್ತಾನೆ. ಒಂದೇ ತಪ್ಪು ಹಲವರ ಉತ್ತರಗಳಲ್ಲಿ ಕಂಡುಬಂದರೆ ಅದು ಶಿಕ್ಷಾರ್ಥಿಯ ದೋಷವಲ್ಲ, ಪಾಠದ ದೋಷ. ಹಲವು ಪ್ರತಿಗಳಲ್ಲಿ ಒಂದೇ ಲೋಪವಿದ್ದರೆ ಅದು ಮಾತೃಕೆಯಿಂದ ಬಂದುದೆಂದು ತಿಳಿಯುವಂತೆ. ಆದಕಾರಣ ಅಭಿಪ್ರಾಯಪತ್ರವನ್ನು ಎಂದೂ ಒಂಟಿಯಾಗಿ ಓದಬಾರದು; ಅದೇ ಶಿಕ್ಷಾರ್ಥಿಯ ಅಭ್ಯಾಸದ ಉತ್ತರಗಳೊಡನೆ ಇಟ್ಟು ಓದಬೇಕು.

೪. ಎಣಿಸುವುದಕ್ಕಿಂತ ತೂಗುವುದು ಮೇಲು

ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ಎಂಬುದು ಸಂಪಾದನಶಾಸ್ತ್ರದ ಪ್ರಥಮಪಾಠ. ಒಂದೇ ವಾಟ್ಸಾಪ್ ಗುಂಪಿನ ಹತ್ತು ಮಂದಿ ಒಂದೇ ಮಾತನ್ನು ಒಂದೇ ಪದಗಳಲ್ಲಿ ಬರೆದಿದ್ದರೆ ಅದಕ್ಕೂ ಈ ನ್ಯಾಯವೇ ಸಲ್ಲುತ್ತದೆ. ಬೇರೆ ಬೇರೆ ಊರಿನ, ಪರಸ್ಪರ ಪರಿಚಯವಿಲ್ಲದ ಮೂವರು ತಮ್ಮತಮ್ಮ ಮಾತಿನಲ್ಲಿ ಒಂದೇ ತೊಡಕನ್ನು ಹೇಳಿದ್ದರೆ ಅದು ಹೆಚ್ಚು ಬೆಲೆಯುಳ್ಳ ಸಾಕ್ಷ್ಯ.

ಏಕಾಕಿಯಾದ ಸಾಕ್ಷಿಯನ್ನೂ ತಳ್ಳಿಹಾಕುವಂತಿಲ್ಲ. ಇದಕ್ಕೆ ಮಸ್ಕಿಯ ಶಾಸನವೇ ಉಜ್ವಲ ನಿದರ್ಶನ. ೧೮೩೭ರಲ್ಲಿ ಪ್ರಿನ್ಸೆಪರು ಬ್ರಾಹ್ಮಿಯನ್ನು ಓದಿದ ಮೇಲೆ ದೊರೆತ ಎಷ್ಟೋ ಶಾಸನಗಳಲ್ಲಿ 'ದೇವಾನಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸನು ಅಶೋಕನೇ ಎಂಬುದಕ್ಕೆ ಶಾಸನಸ್ಥವಾದ ಹೆಸರು ಮೊದಲು ದೊರೆತುದು ಮಸ್ಕಿಯ ಸವೆದ ಬಂಡೆಯೊಂದರಲ್ಲಿ. ಗುಜರ್ರಾ, ನಿಟ್ಟೂರು, ಉಡೆಗೋಳಗಳ ಸಾಕ್ಷ್ಯ ಬಂದುದು ಅನಂತರ. ಬಹುಸಂಖ್ಯೆಯ ಪಾಠವೇ ಸತ್ಯವೆಂದು ನಂಬಿದ್ದರೆ ಆ ಒಂದು ಹೆಸರಿಗೆ ಬೆಲೆ ಬರುತ್ತಿರಲಿಲ್ಲ.

ಲಿಪಿಪಾಠದಲ್ಲಿಯೂ ಹೀಗಾಗಬಹುದು. ಇತರ ಊರುಗಳ ಶಿಕ್ಷಾರ್ಥಿಗಳು ಅಚ್ಚುಕಟ್ಟಾಗಿ ಬರೆದ ಅಕ್ಷರಪಟ್ಟಿಕೆಯನ್ನು ನೋಡಿ ತೃಪ್ತರಾಗಿರುವಾಗ, ಮಸ್ಕಿಯಲ್ಲಿಯೇ ಇರುವ ಒಬ್ಬನು ಬಂಡೆಯ ಬಳಿಗೆ ಹೋಗಿ ನೋಡಿ, ಪಟ್ಟಿಕೆಯಲ್ಲಿರುವ ಅಕ್ಷರಗಳು ಕಲ್ಲಿನಲ್ಲಿ ಹಾಗೆ ಕಾಣುವುದಿಲ್ಲವೆಂದು ಬರೆದನೆಂದು ಇಟ್ಟುಕೊಳ್ಳೋಣ. ಸಂಖ್ಯೆಯಲ್ಲಿ ಅದು ಒಂದೇ. ತೂಕದಲ್ಲಿ ಅದು ಉಳಿದೆಲ್ಲಕ್ಕಿಂತ ಹೆಚ್ಚು, ಏಕೆಂದರೆ ಮೂಲವನ್ನು ಕಂಡವನು ಅವನೊಬ್ಬನೇ. ಪಟ್ಟಿಕೆಯ ಪಕ್ಕದಲ್ಲಿ ಶಾಸನದ ಅಚ್ಚುಪಡಿಯ ಚಿತ್ರವನ್ನು ಸೇರಿಸಿ, ತ್ರುಟಿತವಾದ ಅಕ್ಷರಗಳನ್ನು ಕಂಸದಲ್ಲಿ ತೋರಿಸಿದರೆ ಪಾಠವು ಶುದ್ಧವಾಗುತ್ತದೆ. ಸವೆದ ಕಲ್ಲನ್ನು ಓದುವ ಸಿದ್ಧತೆಯೂ ಶಿಕ್ಷಾರ್ಥಿಗೆ ದೊರೆಯುತ್ತದೆ.

ಪರಸ್ಪರ ವಿರುದ್ಧವಾದ ಅಭಿಪ್ರಾಯಗಳು ಬಂದಾಗ ಒಂದನ್ನು ಸುಳ್ಳೆನ್ನಬೇಕಾಗಿಲ್ಲ. 'ಪಾಠದ ವೇಗ ಹೆಚ್ಚು', 'ಪಾಠದ ವೇಗ ಕಡಿಮೆ' ಎಂಬೆರಡೂ ತಮ್ಮತಮ್ಮ ಅಪೇಕ್ಷೆಯಿಂದ ಸತ್ಯವೆಂಬುದು ಅನೇಕಾಂತವನ್ನು ಬಲ್ಲವರಿಗೆ ಹೇಳಬೇಕಾದುದಲ್ಲ. ಹಳಗನ್ನಡವನ್ನು ಕಲಿಸುವ ಉಪಾಧ್ಯಾಯನಿಗೆ ಱಕಾರ, ೞಕಾರಗಳ ಪರಿಚಯ ಮೊದಲೇ ಇರುತ್ತದೆ. ಆ ಪರಿಚಯವಿಲ್ಲದವನಿಗೆ ಅವೇ ಎಡವುವ ಕಲ್ಲುಗಳು. ಸಿಂಧನೂರಿನ ಪುನರ್ವಸತಿ ಶಿಬಿರಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿವೆ. ಬಂಗಾಳಿ ಅಕ್ಷರ ಬಲ್ಲ ಶಿಕ್ಷಾರ್ಥಿಗೆ, ಬಂಗಾಳಿಯೂ ಕನ್ನಡವೂ ಬ್ರಾಹ್ಮಿಯಿಂದಲೇ ಇಳಿದ ಲಿಪಿಗಳೆಂಬುದನ್ನು ತೋರಿಸಿದರೆ ಬ್ರಾಹ್ಮಿಯ ಪಾಠ ಬೇಗ ಹತ್ತುತ್ತದೆ. ಹಳಗನ್ನಡದ ಪಾಠಕ್ಕೆ ಮಾತ್ರ ಹೆಚ್ಚು ಕಾಲ ಬೇಕು. ಇವರೆಲ್ಲರ ಉತ್ತರಗಳನ್ನು ಕೂಡಿಸಿ ಸರಾಸರಿ ತೆಗೆದು 'ವೇಗ ಸರಿಯಾಗಿದೆ' ಎಂದರೆ ಅದು ಯಾರಿಗೂ ಸರಿಯಲ್ಲದ ವೇಗವಾಗುತ್ತದೆ. ಆರಂಭದಲ್ಲಿ ಒಂದು ಚಿಕ್ಕ ಪರೀಕ್ಷೆಯನ್ನಿಟ್ಟು, ಅಡಿಪಾಯದ ಪಾಠಗಳು ಬೇಕಾದವರಿಗೆ ಅವನ್ನು ಕೊಟ್ಟು, ಉಳಿದವರನ್ನು ನೇರವಾಗಿ ಮುಂದಕ್ಕೆ ಕಳುಹಿಸುವುದೇ ಉಚಿತ.

೫. ಪರಿಶೋಧನೆಯ ಕ್ರಮ

ಮೇಲಿನ ವಿವೇಚನೆಯಿಂದ ಅಭಿಪ್ರಾಯ ಪರಿಶೋಧನೆಗೆ ಒಂದು ಕ್ರಮವು ಸಿದ್ಧವಾಗುತ್ತದೆ.

ಮೊದಲು, ಅಭಿಪ್ರಾಯವನ್ನು ಬರೆದವರ ಪದಗಳಲ್ಲಿಯೇ, ಪಾಠದ ಸಂಖ್ಯೆ, ದಿನಾಂಕ, ಮೊಬೈಲಿನಲ್ಲಿ ನೋಡಿದರೋ ಕಂಪ್ಯೂಟರಿನಲ್ಲಿ ನೋಡಿದರೋ ಎಂಬ ವಿವರಗಳೊಡನೆ ದಾಖಲಿಸಬೇಕು. ಲಿಪಿಕಾರನು ತನ್ನ ಇಚ್ಛೆಯಂತೆ ಮೂಲವನ್ನು ತಿದ್ದಬಾರದೋ ಹಾಗೆಯೇ ಸಂಗ್ರಾಹಕನು ಒರಟಾದ ಮಾತನ್ನು ನಯಗೊಳಿಸಬಾರದು. ಬರೆದವರ ಹೆಸರನ್ನು ಬೇರೆಯಾಗಿ ಕಾಪಾಡಬೇಕು. ಹೆಸರು ಹೊರಬೀಳುವ ಭಯವಿದ್ದಲ್ಲಿ ಸತ್ಯವನ್ನು ಯಾರೂ ಬರೆಯರು.

ಬಳಿಕ, ಕಾರಣವನ್ನು ಅನುಸರಿಸಿ ಅವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಪಾಠದಲ್ಲಿಯೇ ಇರುವ ತಪ್ಪು ಮೊದಲನೆಯದು. ಇದನ್ನು ಅಂದೇ ತಿದ್ದಬೇಕು. ಬೋಧನೆಯಲ್ಲಿ ಬಿಟ್ಟುಹೋದುದು ಎರಡನೆಯದು. ಮೇಲೆ ಹೇಳಿದ ಸೊನ್ನೆಯ ವಿಷಯ ಇಂತಹುದು. ಸೌಕರ್ಯ ಮತ್ತು ಸಮಯದ ತೊಡಕು ಮೂರನೆಯದು. ಒಂದು ಮೊಳದಷ್ಟು ಉದ್ದ, ಎರಡು ಮೂರು ಬೆರಳಗಲದ ತಾಳೆಗರಿಯ ಚಿತ್ರವನ್ನು ಇಡಿಯಾಗಿ ಮೊಬೈಲಿನಲ್ಲಿ ತೋರಿಸಿದರೆ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ. ಗರಿಯನ್ನು ಮೂರು ತುಂಡಾಗಿ ದೊಡ್ಡದು ಮಾಡಿ ತೋರಿಸಿ, ಇಡೀ ಗರಿಯನ್ನು ಜೊತೆಗೆ ಕೊಟ್ಟರೆ ಈ ತೊಡಕು ನೀಗುತ್ತದೆ. ಪಾಠದ ಉದ್ದೇಶಕ್ಕೆ ವಿರುದ್ಧವಾದ ಬೇಡಿಕೆ ನಾಲ್ಕನೆಯದು. ಅದಕ್ಕೆ ಸಕಾರಣವಾದ ಉತ್ತರವನ್ನು ಕೊಡಬೇಕು.

ಪ್ರಶ್ನೆಗಳನ್ನು ರಚಿಸುವಾಗಲೂ ಎಚ್ಚರ ಬೇಕು. 'ಪಾಠ ಹೇಗಿತ್ತು' ಎಂದು ಕೇಳಿದರೆ 'ಚೆನ್ನಾಗಿತ್ತು' ಎಂಬ ಸೌಜನ್ಯದ ಉತ್ತರವೇ ಬರುತ್ತದೆ; ಗುರುಗಳ ಮುಂದೆ ಕುಂದನ್ನು ಆಡಬಾರದೆಂಬ ಸಂಸ್ಕಾರ ನಮ್ಮ ಜನರಲ್ಲಿ ಆಳವಾಗಿದೆ. 'ಈ ಪಾಠದಲ್ಲಿ ಯಾವ ಅಕ್ಷರವನ್ನು ಇನ್ನೊಂದೆಂದು ಭ್ರಮಿಸಿದಿರಿ', 'ಯಾವ ಸ್ಥಳದಲ್ಲಿ ವಿಡಿಯೊವನ್ನು ಹಿಂದಕ್ಕೆ ತಿರುಗಿಸಿ ನೋಡಿದಿರಿ' ಎಂದು ಕೇಳಿದರೆ ನಿಂದೆಯ ಸೋಂಕಿಲ್ಲದೆ ನಿಜವನ್ನು ಹೇಳಲು ದಾರಿಯಾಗುತ್ತದೆ. ಪಾಠಕ್ರಮ ಮುಗಿದ ಆರು ತಿಂಗಳ ಅನಂತರ ಮತ್ತೊಮ್ಮೆ ಕೇಳುವುದೂ ಅವಶ್ಯಕ: 'ಈ ನಡುವೆ ಯಾವುದಾದರೂ ಓಲೆಯನ್ನಾಗಲಿ ಶಾಸನವನ್ನಾಗಲಿ ಓದಿದಿರಾ?' ಕರ್ಕ್‌ಪ್ಯಾಟ್ರಿಕ್ ಹೇಳಿದ ಮೂರನೆಯ ಹಂತವು ಈ ಒಂದು ಪ್ರಶ್ನೆಯಲ್ಲಿದೆ.

ಕೊನೆಯದಾಗಿ, ಯಾವುದನ್ನು ಯಾವಾಗ ತಿದ್ದಲಾಯಿತು, ಯಾವುದನ್ನು ಏಕೆ ತಿದ್ದಲಿಲ್ಲ ಎಂಬುದನ್ನು ಪಾಠದೊಡನೆಯೇ ಪ್ರಕಟಿಸಬೇಕು. ಮುದ್ರಿತ ಗ್ರಂಥಕ್ಕೆ ಒಪ್ಪೋಲೆಯಿರುವಂತೆ ಆನ್‌ಲೈನ್ ಪಾಠಕ್ಕೂ ಇದು ಇರಬೇಕು. ಸದ್ದಿಲ್ಲದೆ ತಿದ್ದಿದರೆ ಹಳೆಯ ಪಾಠವನ್ನು ಕಲಿತವನು ತಪ್ಪನ್ನೇ ಉಳಿಸಿಕೊಳ್ಳುತ್ತಾನೆ. ತಾನು ಬರೆದುದನ್ನು ಯಾರೂ ಓದಲಿಲ್ಲವೆಂದು ತಿಳಿದವನು ಎರಡನೆಯ ಬಾರಿ ಬರೆಯುವುದೂ ಇಲ್ಲ.

೬. ಉಪಸಂಹಾರ

ಕಲಿಯುವವರು ಪಾಠವನ್ನು ತಿದ್ದುವುದು ಗುರುಪರಂಪರೆಗೆ ವಿರುದ್ಧವೆಂಬ ಶಂಕೆ ಯಾರಿಗಾದರೂ ಬರಬಹುದು. ಪರಂಪರೆಯು ಹೇಳುವುದು ಬೇರೆ. ಧವಲಾಟೀಕೆಯಲ್ಲಿ ವೀರಸೇನಾಚಾರ್ಯರು ಹೇಳಿರುವ ವೃತ್ತಾಂತವು ಸುಪ್ರಸಿದ್ಧವಾದುದು. ಧರಸೇನಾಚಾರ್ಯರು ತಮ್ಮಲ್ಲಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಒಬ್ಬರಿಗೆ ಅಧಿಕಾಕ್ಷರವುಳ್ಳ, ಇನ್ನೊಬ್ಬರಿಗೆ ಹೀನಾಕ್ಷರವುಳ್ಳ ವಿದ್ಯೆಯನ್ನು ಸಾಧನೆಗಾಗಿ ಕೊಟ್ಟರು. ವಿದ್ಯಾದೇವತೆಗಳು ವಿಕೃತರೂಪದಿಂದ ಕಾಣಿಸಿಕೊಂಡಾಗ ಅವರು ದೇವತೆಯನ್ನು ಹಳಿಯಲಿಲ್ಲ, ತಮ್ಮ ಸಾಮರ್ಥ್ಯವನ್ನು ಸಂದೇಹಿಸಿ ಸಾಧನೆಯನ್ನು ಬಿಡಲೂ ಇಲ್ಲ. ಪಾಠದಲ್ಲಿಯೇ ದೋಷವಿರಬೇಕೆಂದು ಅರಿತು ಅಕ್ಷರವನ್ನು ಸರಿಪಡಿಸಿಕೊಂಡರು. ಆಚಾರ್ಯರು ಸಂತುಷ್ಟರಾಗಿ ಅವರಿಗೆ ಆಗಮವನ್ನು ಉಪದೇಶಿಸಿದರು. ಪುಷ್ಪದಂತ, ಭೂತಬಲಿಗಳಿಂದ ಷಟ್ಖಂಡಾಗಮವು ನಮಗೆ ಉಳಿದುದು ಹೀಗೆ. ತಮ್ಮ ಬರಹದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಓದುವವರನ್ನು ಬೇಡಿಕೊಂಡ ಲಿಪಿಕಾರರ ಹಸ್ತಪ್ರತಿಗಳೂ ಕಡಿಮೆಯಿಲ್ಲ.

ಎಲ್ಲ ಶಿಕ್ಷಾರ್ಥಿಗಳೂ ಪುಷ್ಪದಂತ, ಭೂತಬಲಿಗಳಲ್ಲ. ಪಾಠದ ದೋಷವನ್ನು ತಮ್ಮ ದಡ್ಡತನವೆಂದು ತಿಳಿದು ಮೌನವಾಗಿ ಬಿಟ್ಟುಹೋಗುವವರೇ ಹೆಚ್ಚು. ಅವರನ್ನು ಹುಡುಕಿ ಕೇಳುವ ಹೊಣೆ ಕಲಿಸುವವರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕಾಲದಲ್ಲಿ ಪ್ರತಿಯ ಕೊರತೆಯೇ ದೊಡ್ಡ ತೊಡಕಾಗಿದ್ದಿತು. ಇಂದು ಒಂದು ಪಾಠವನ್ನು ಲಕ್ಷ ಜನರಿಗೆ ಕಳುಹಿಸಲು ಕ್ಷಣ ಸಾಕು; ಕೊರತೆಯಿರುವುದು ಓದಬಲ್ಲ ಕಣ್ಣುಗಳಿಗೆ. ಮನೆಗಳಲ್ಲಿ ಬಟ್ಟೆ ಸುತ್ತಿಟ್ಟ ಓಲೆಕಟ್ಟುಗಳು ಓದುವವರಿಲ್ಲದೆ ಹುಳುವಿನ ಪಾಲಾಗುತ್ತಿರುವಾಗ ನಾಲ್ಕನೆಯ ಪಾಠದಲ್ಲಿ ನಿಂತುಹೋದ ಒಬ್ಬೊಬ್ಬ ಶಿಕ್ಷಾರ್ಥಿಯೂ ಒಂದೊಂದು ಕಟ್ಟಿನ ಓದುಗನಾಗಬಹುದಾಗಿದ್ದವನು. ಪಾಠವನ್ನು ಉಚಿತವಾಗಿ ಕೊಟ್ಟುದರಿಂದಲೇ ಶಾಸ್ತ್ರದಾನವು ಮುಗಿಯಲಿಲ್ಲ. ಅದು ಪಡೆದವನಿಗೆ ಓದಲು ಬಂದಿತೇ ಎಂದು ವಿಚಾರಿಸುವುದೂ ಆ ದಾನದ ಅಂಗವೇ ಆಗಿದೆ.